‘ಒಂದಕ್ಕೆ ಎಷ್ಟು’ ಲೆಕ್ಕ: ಯಾವುದನ್ನು ಯಾವುದರಿಂದ ಭಾಗಿಸಬೇಕು?

ಏಳನೇ ಕ್ಲಾಸಿನ ಅಮ್ಮ (ಹಾಸನ)

ಮಗಳಿಗೆ ಭಾಗಾಕಾರ ಚೆನ್ನಾಗಿ ಬರುತ್ತದೆ. ಆದರೆ ‘12 ಪೆನ್ನಿಗೆ 84 ರೂಪಾಯಿ, 5 ಪೆನ್ನಿಗೆ ಎಷ್ಟು’ ಅಂದ ತಕ್ಷಣ ಯಾವುದನ್ನು ಯಾವುದರಿಂದ ಭಾಗಿಸಲಿ ಅಂತ ನನ್ನ ಮುಖ ನೋಡುತ್ತಾಳೆ. ದೊಡ್ಡ ಸಂಖ್ಯೆಯನ್ನು ಚಿಕ್ಕ ಸಂಖ್ಯೆಯಿಂದ ಭಾಗಿಸು ಅಂತ ಟ್ಯೂಷನ್‌ನಲ್ಲಿ ಹೇಳಿಕೊಟ್ಟಿದ್ದಾರಂತೆ. ಪೆನ್ನಿನ ಲೆಕ್ಕಕ್ಕೆ ಅದು ಸರಿಹೋಯಿತು. ಆಮೇಲೆ ‘20 ಚಾಕೊಲೇಟಿಗೆ 10 ರೂಪಾಯಿ’ ಬಂತು. ಒಂದಕ್ಕೆ 2 ರೂಪಾಯಿ ಅಂತ ಬರೆದಿದ್ದಾಳೆ. ತಪ್ಪು ಅಂದರೆ ‘ದೊಡ್ಡದನ್ನೇ ಭಾಗಿಸಿದ್ದೀನಲ್ಲ’ ಅಂತ ವಾದ. ಸುಲಭವಾಗಿ ಹೇಳಿಕೊಡುವ ದಾರಿ ಇದ್ದರೆ ಹೇಳಿ.

ನಿವೃತ್ತ ಮೇಷ್ಟ್ರು (ತಿಪಟೂರು)

ಅಮ್ಮಾ, ಆ ದೊಡ್ಡದು ಚಿಕ್ಕದು ಸೂತ್ರವನ್ನು ಮೊದಲು ಮರೆಸಿಬಿಡಿ. ನಲವತ್ತು ಮಕ್ಕಳ ತರಗತಿಯಲ್ಲಿ ಇಂಥ ಅಡ್ಡದಾರಿಗಳು ಮೊದಲ ವಾರ ಚೆನ್ನಾಗಿ ನಡೆಯುತ್ತವೆ, ಆಮೇಲೆ ವರ್ಷವಿಡೀ ಕಾಡುತ್ತವೆ.

ಅವಳಿಗೆ ಕೇಳಬೇಕಾದ ಪ್ರಶ್ನೆ ಒಂದೇ. ನಿನಗೆ ಯಾವುದು ‘ಒಂದು’ ಆಗಬೇಕು? ಒಂದು ಪೆನ್ನಿನ ಬೆಲೆ ಬೇಕಾದರೆ ಪೆನ್ನಿನ ಸಂಖ್ಯೆಯಿಂದ ಭಾಗಿಸು. 84 ÷ 12 = 7, ಪೆನ್ನಿಗೆ 7 ರೂಪಾಯಿ. ಒಂದು ರೂಪಾಯಿಗೆ ಎಷ್ಟು ಬರುತ್ತದೆ ಅಂತ ಬೇಕಾದರೆ ರೂಪಾಯಿಯಿಂದ ಭಾಗಿಸು. 12 ÷ 84, ಅಂದರೆ ರೂಪಾಯಿಗೆ ಏಳನೇ ಒಂದು ಪೆನ್ನು. ಎರಡೂ ಸರಿ.

ಚಾಕೊಲೇಟಿನ ಲೆಕ್ಕದಲ್ಲಿ ಅವಳ ಭಾಗಾಕಾರ ತಪ್ಪಿಲ್ಲ. 20 ÷ 10 = 2. ಆದರೆ ಅದು ‘ರೂಪಾಯಿಗೆ 2 ಚಾಕೊಲೇಟು’. ಅವಳು ಬರೆದದ್ದು ‘ಚಾಕೊಲೇಟಿಗೆ 2 ರೂಪಾಯಿ’. ಒಂದರ ಬೆಲೆ 10 ÷ 20, 50 ಪೈಸೆ. ಉತ್ತರದ ಪಕ್ಕದಲ್ಲಿ ಬರೀ 2 ಅಂತ ಬರೆಯಲು ಬಿಡಬೇಡಿ. ‘ಇಂಥದ್ದಕ್ಕೆ ಇಷ್ಟು’ ಅಂತ ಪೂರ್ತಿ ಬರೆಸಿ. ಬರೆಯುವಾಗಲೇ ಅರ್ಧ ಮಕ್ಕಳಿಗೆ ಅನುಮಾನ ಬಂದು ತಾವೇ ತಿದ್ದಿಕೊಳ್ಳುತ್ತಾರೆ.

ಹಾಲಿನ ಬೂತ್ (ಬೆಂಗಳೂರು)

ಮೇಷ್ಟ್ರು ಹೇಳಿದ್ದು ಸರಿ. ಇದಕ್ಕೆ ಪೆನ್ನು ಚಾಕೊಲೇಟು ಯಾಕೆ, ನಂದಿನಿ ಹಾಲೇ ಸಾಕು. 2024, 2025ರ ಎರಡು ಬದಲಾವಣೆ ನೆನಪು ಮಾಡಿಕೊಳ್ಳಿ. ನೀಲಿ ಪ್ಯಾಕೆಟ್ ಮಾತ್ರ ಹೇಳುತ್ತೇನೆ.

2024ರ ಜೂನ್‌ಗೆ ಮೊದಲು ಅರ್ಧ ಲೀಟರಿಗೆ 22 ರೂಪಾಯಿ. ಜೂನ್ ಕೊನೆಯಲ್ಲಿ ಪ್ಯಾಕೆಟ್ 550 ಮಿಲಿ ಆಯಿತು, ಬೆಲೆ 24 ಆಯಿತು. ಎಲ್ಲ ಕಡೆ ‘ಹಾಲಿಗೆ ಎರಡು ರೂಪಾಯಿ ಏರಿಕೆ’ ಅಂತ ಸುದ್ದಿ. ನಮ್ಮ ಬೂತ್ ಮುಂದೆ ಬೆಳಗ್ಗೆ ಬೆಳಗ್ಗೆ ಬೈಗುಳ. ಆಮೇಲೆ 2025ರ ಏಪ್ರಿಲ್ 1ಕ್ಕೆ ಪ್ಯಾಕೆಟ್ ಮತ್ತೆ 500 ಮಿಲಿ. ಬೆಲೆ 24 ಹಾಗೇ ಉಳಿಯಿತು.

ಈಗ ಲೀಟರಿಗೆ ತಂದು ನೋಡಿ.

22 ರೂಪಾಯಿಗೆ 500 ಮಿಲಿ: ಲೀಟರಿಗೆ 44 ರೂಪಾಯಿ.
24 ರೂಪಾಯಿಗೆ 550 ಮಿಲಿ: ಲೀಟರಿಗೆ 43 ರೂಪಾಯಿ 64 ಪೈಸೆ.
24 ರೂಪಾಯಿಗೆ 500 ಮಿಲಿ: ಲೀಟರಿಗೆ 48 ರೂಪಾಯಿ.

ಅಂದರೆ ಮೊದಲನೇ ಸಲ ಪ್ಯಾಕೆಟ್ ಬೆಲೆ ಏರಿತು, ಹಾಲಿನ ಬೆಲೆ ಒಂದು ಕೂದಲಷ್ಟು ಇಳಿಯಿತು. ಎರಡನೇ ಸಲ ಪ್ಯಾಕೆಟ್ ಬೆಲೆ ಅಲ್ಲಾಡಲಿಲ್ಲ, ಹಾಲಿನ ಬೆಲೆ ನೂರಕ್ಕೆ ಹತ್ತರಷ್ಟು ಏರಿತು. ಮೊದಲನೇ ಸಲ ಜಗಳ ಆಡಿದ ಗಿರಾಕಿಯೇ ಎರಡನೇ ಸಲ ‘ಸದ್ಯ, ನನ್ನ ಪ್ಯಾಕೆಟ್ ರೇಟು ಅಷ್ಟೇ ಇದೆ’ ಅಂದರು. ಏನು ಹೇಳೋಣ.

ಸುಮ್ನೆ ಓದುವವ

ಆದರೆ ಅಣ್ಣ, ಜೂನ್‌ನಲ್ಲಿ ಬೈದವರದ್ದೂ ಪೂರ್ತಿ ತಪ್ಪಲ್ಲ. ನನಗೆ ದಿನಕ್ಕೆ ಬೇಕಾಗಿದ್ದು ಅರ್ಧ ಲೀಟರ್. ಆ 50 ಮಿಲಿ ನಾನು ಕೇಳಿರಲಿಲ್ಲ. ಬೇಡ ಅಂದರೆ ಚಿಕ್ಕ ಪ್ಯಾಕೆಟ್ ಇರಲಿಲ್ಲ. ಲೀಟರಿನ ಬೆಲೆ ಇಳಿದರೂ ತಿಂಗಳ ಕೊನೆಗೆ ನನ್ನ ಜೇಬಿನಿಂದ 60 ರೂಪಾಯಿ ಜಾಸ್ತಿ ಹೋಯಿತು.

ಹಾಲಿನ ಬೂತ್ (ಬೆಂಗಳೂರು)

ಒಪ್ಪಿದೆ. ಅದು ಖರ್ಚಿನ ಲೆಕ್ಕ, ನಾನು ಹೇಳಿದ್ದು ದರದ ಲೆಕ್ಕ. ಎರಡನ್ನೂ ಬೇರೆ ಬೇರೆ ಬರೆದುಕೊಂಡರೆ ಜಗಳ ಇಲ್ಲ. ಇನ್ನೊಂದು ವಿಷಯ. ಒಂದು ಲೀಟರ್ ಪ್ಯಾಕೆಟ್ 2025ರ ಏರಿಕೆ ಆದಾಗ 46 ರೂಪಾಯಿ. ಎರಡು ಅರ್ಧ ಲೀಟರ್ ತಗೊಂಡರೆ 48. ದಿನಕ್ಕೆ ಲೀಟರ್ ಹಾಲು ತಗೊಳ್ಳುವವರೂ ಎಷ್ಟೋ ಜನ ಎರಡು ಅರ್ಧವೇ ಕೇಳುತ್ತಾರೆ. ಒಂದು ಬೆಳಗ್ಗೆಗೆ, ಇನ್ನೊಂದು ಸಂಜೆಗೆ ಒಡೆಯಬಹುದು ಅಂತ. ಆ ಅನುಕೂಲಕ್ಕೆ ದಿನಕ್ಕೆ 2 ರೂಪಾಯಿ ಕೊಡುತ್ತಿದ್ದೀವಿ ಅಂತ ಗೊತ್ತಿದ್ದು ಕೊಟ್ಟರೆ ನನ್ನದೇನೂ ತಕರಾರಿಲ್ಲ.

ಏಳನೇ ಕ್ಲಾಸಿನ ಅಮ್ಮ (ಹಾಸನ)

ಇದು ಚೆನ್ನಾಗಿದೆ, ಇದನ್ನೇ ಕೊಡುತ್ತೇನೆ. ಒಂದು ಅನುಮಾನ. ಈಗ ಪ್ಯಾಕೆಟ್‌ಗಳ ಮೇಲೆ ಎಂಆರ್‌ಪಿ ಕೆಳಗೆ ಯುಎಸ್‌ಪಿ ಅಂತ ಗ್ರಾಂ ಲೆಕ್ಕದ ಬೆಲೆ ಇರುತ್ತದಲ್ಲ? ಅದನ್ನೇ ನೋಡಿದರೆ ಮುಗಿಯಿತಲ್ವಾ, ಭಾಗಿಸುವುದು ಯಾಕೆ?

ದಿನಸಿ ಗಲ್ಲಾಪೆಟ್ಟಿಗೆ (ದಾವಣಗೆರೆ)

ಮೇಡಂ, ಅಲ್ಲೇ ಇರೋದು ಮಜಾ. ಪ್ಯಾಕ್ ಮಾಡಿದ ಸಾಮಾನಿನ ತೂಕ ಅಳತೆ ನಿಯಮಗಳು 2011ರವು. ಅದಕ್ಕೆ 2021ರಲ್ಲಿ ತಿದ್ದುಪಡಿ ಬಂತು, ಈ ಯುಎಸ್‌ಪಿ ಮುದ್ರಿಸಬೇಕು ಅಂತ. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಜಾಸ್ತಿ ಇದ್ದರೆ ಕೆಜಿ ಲೆಕ್ಕ. ದ್ರವಕ್ಕೆ ಹಾಗೇ ಮಿಲಿ ಮತ್ತು ಲೀಟರ್. ಸರಿಯಾಗಿ ಒಂದು ಕೆಜಿ ಪ್ಯಾಕ್ ಆದರೆ ಎಂಆರ್‌ಪಿಯೇ ಕೆಜಿಯ ಬೆಲೆ, ಬೇರೆ ಮುದ್ರಿಸಬೇಕಾಗಿಲ್ಲ. ಜಾರಿ ದಿನಾಂಕ ಮುಂದಕ್ಕೆ ಹೋಗಿ ಹೋಗಿ ಆಮೇಲೆ ಬಂತು. ಅದೇ ತಿದ್ದುಪಡಿಯಲ್ಲಿ ಇಂತಿಷ್ಟೇ ತೂಕದ ಪ್ಯಾಕ್ ಮಾಡಬೇಕು ಅನ್ನುವ ಪಟ್ಟಿಯನ್ನೂ ತೆಗೆದುಹಾಕಿದರು. ಹಾಗಾಗಿ ಈಗ 850 ಗ್ರಾಂ, 730 ಗ್ರಾಂ, ಯಾವ ತೂಕವಾದರೂ ಬರಬಹುದು. ಒಂದು ಕೈಯಲ್ಲಿ ಗೊಂದಲ ಕೊಟ್ಟು ಇನ್ನೊಂದು ಕೈಯಲ್ಲಿ ಔಷಧಿ ಕೊಟ್ಟ ಹಾಗೆ.

ಈಗ ಔಷಧಿ ಎಷ್ಟು ಕೆಲಸ ಮಾಡುತ್ತದೆ ನೋಡಿ. ಉದಾಹರಣೆಗೆ ಎರಡು ಎಣ್ಣೆ ಪೌಚ್ ಇಟ್ಟುಕೊಳ್ಳಿ. ಒಂದು 910 ಗ್ರಾಂ, 150 ರೂಪಾಯಿ. ಇನ್ನೊಂದು 850 ಗ್ರಾಂ, 143 ರೂಪಾಯಿ. ಭಾಗಿಸಿದರೆ ಗ್ರಾಂಗೆ 0.1648 ಮತ್ತು 0.1682. ಆದರೆ ಮುದ್ರಿಸುವಾಗ ಎರಡು ದಶಾಂಶಕ್ಕೆ ನಿಲ್ಲಿಸಬೇಕು. ಮೊದಲನೇದರ ಮೇಲೆ 0.16, ಎರಡನೇದರ ಮೇಲೆ 0.17. ಇದನ್ನೇ ನೀವು ಸಾವಿರದಿಂದ ಗುಣಿಸಿ ಕೆಜಿಗೆ 160, 170 ಅಂದುಕೊಂಡರೆ ಹತ್ತು ರೂಪಾಯಿ ವ್ಯತ್ಯಾಸ ಕಾಣುತ್ತದೆ. ನಿಜವಾದ ವ್ಯತ್ಯಾಸ ಕೆಜಿಗೆ ಮೂರೂವರೆ ರೂಪಾಯಿಯೂ ಇಲ್ಲ. ಉಲ್ಟಾನೂ ಆಗುತ್ತದೆ. ಕೆಜಿಗೆ 166 ಮತ್ತು 174 ಬೀಳುವ ಎರಡು ಪ್ಯಾಕ್ ಮೇಲೂ 0.17 ಅಂತಲೇ ಇರುತ್ತದೆ.

ಅದಕ್ಕೆ ಗ್ರಾಂ ಬಿಟ್ಟು 100 ಗ್ರಾಂಗೆ ತನ್ನಿ. 150ನ್ನು 9.1ರಿಂದ ಭಾಗಿಸಿ, 16 ರೂಪಾಯಿ 48 ಪೈಸೆ. ಇನ್ನೊಂದು 16 ರೂಪಾಯಿ 82 ಪೈಸೆ. ಪೈಸೆಯ ಮುಂದೆ ಸೊನ್ನೆಗಳು ಕುಣಿಯುವುದಿಲ್ಲ.

ಮೆಲ್ಬರ್ನ್ ಕನ್ನಡಿಗ

ಇಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳ ಕಪಾಟಿನ ಚೀಟಿಯಲ್ಲೇ ‘100 ಗ್ರಾಂಗೆ ಇಷ್ಟು’ ಅಂತ ಇರುತ್ತದೆ. 2009ರಿಂದ ಕಡ್ಡಾಯ. ಪೊಟ್ಟಣ ಕೈಗೆತ್ತಿಕೊಂಡು ಹುಡುಕಬೇಕಾಗಿಲ್ಲ, ಬೆಲೆಯ ಪಕ್ಕದಲ್ಲೇ ಕಾಣುತ್ತದೆ. ಅಂಥ ಚೀಟಿ ನೋಡಿ ಅಭ್ಯಾಸವಾದ ಮೇಲೆ ಊರಿಗೆ ಬಂದಾಗ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಹುಡುಕುವುದು ಕಷ್ಟ.

ದಿನಸಿ ಗಲ್ಲಾಪೆಟ್ಟಿಗೆ (ದಾವಣಗೆರೆ)

ಇನ್ನೊಂದು ಮರೆತೆ. ಎಣ್ಣೆಯಲ್ಲಿ ಲೀಟರ್ ಬೇರೆ, ಕೆಜಿ ಬೇರೆ. ಅಡುಗೆ ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಸುಮಾರು 910 ಗ್ರಾಂ ತೂಗುತ್ತದೆ. ಒಂದು ಪೌಚ್ ಲೀಟರ್ ಲೆಕ್ಕದಲ್ಲಿ, ಇನ್ನೊಂದು ಗ್ರಾಂ ಲೆಕ್ಕದಲ್ಲಿ ಇದ್ದರೆ ಸುಮ್ನೆ ಅಂಕಿ ಹೋಲಿಸಬೇಡಿ. ಎರಡನ್ನೂ ಮೊದಲು ಗ್ರಾಂಗೆ ತನ್ನಿ. ಇದರ ಜೊತೆಗೆ ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂತ ನಂಬಬೇಡಿ. ಕೆಲವು ಶಾಂಪೂಗಳಲ್ಲಿ ಬಾಟಲಿಗಿಂತ ಸ್ಯಾಶೆಯೇ ಮಿಲಿ ಲೆಕ್ಕದಲ್ಲಿ ಅಗ್ಗ. ನಮ್ಮ ಅಂಗಡಿಯಲ್ಲೇ ಗೊತ್ತಿದ್ದವರು ಸ್ಯಾಶೆಯ ಸರವನ್ನೇ ಒಯ್ಯುತ್ತಾರೆ.

ಮಲ್ಲಿಗೆ ಮನೆ (ಉಡುಪಿ)

ಎಲ್ಲರೂ ಗ್ರಾಂ ಲೀಟರ್ ಅನ್ನುತ್ತಿದ್ದೀರಿ. ನಮ್ಮ ಶಂಕರಪುರ ಮಲ್ಲಿಗೆ ಲೆಕ್ಕ ಕೇಳಿ. ದರ ಗೊತ್ತಾಗುವುದು ಅಟ್ಟೆಗೆ, ಅದೂ ದಿನಕ್ಕೊಂದು ದರ. ಒಂದು ಅಟ್ಟೆಗೆ 4 ಚೆಂಡು, ಒಂದು ಚೆಂಡಿಗೆ 800 ಹೂವು. ಅಟ್ಟೆಗೆ 1,280 ರೂಪಾಯಿ ಇದ್ದ ದಿನ ಚೆಂಡಿಗೆ 320, ಹೂವಿಗೆ 40 ಪೈಸೆ. ಎಣಿಸಿ ಕಟ್ಟಿದ್ದು, ಹಾಗಾಗಿ ಲೆಕ್ಕ ಪಕ್ಕಾ.

ಬೆಂಗಳೂರಿಗೆ ಹೋದರೆ ಮೊಳದ ಲೆಕ್ಕ. ಮೊಳ ಅಂದರೆ ಯಾರ ಮೊಳ? ಮಾರುವವರ ಕೈ ಮೊಣಕೈಯಿಂದ ಬೆರಳ ತುದಿವರೆಗೆ. ಕಟ್ಟು ಬಿಗಿಯೋ ಸಡಿಲವೋ ಅದು ಬೇರೆ. ಅಲ್ಲಿ ‘ಮೊಳಕ್ಕೆ 30’, ‘ಮೊಳಕ್ಕೆ 40’ ಅಂತ ಹೋಲಿಸಿ ಏನು ಪ್ರಯೋಜನ? ‘ಒಂದು’ ಅನ್ನೋದೇ ಇಬ್ಬರಲ್ಲಿ ಒಂದೇ ಅಲ್ಲ.

ಅಜ್ಜನ ಸೇರು

ಮಲ್ಲಿಗೆಯವರ ಮಾತು ಸರಿಯಾಗಿದೆ. ಪಾವು, ಸೇರು ಕೂಡ ಹಾಗೇ. ಅದು ತುಂಬಿ ಅಳೆಯುವ ಅಳತೆ, ತೂಕ ಅಲ್ಲ. ನಾಲ್ಕು ಪಾವಿಗೆ ಒಂದು ಸೇರು ಅನ್ನೋದು ಸರಿ, ಆದರೆ ಒಂದು ಸೇರು ರಾಗಿ ತೂಗಿದಷ್ಟು ಒಂದು ಸೇರು ಕಡ್ಲೆಪುರಿ ತೂಗುತ್ತದೆಯೇ? ಸಂತೆಯಲ್ಲಿ ಸೇರಿನ ಲೆಕ್ಕದ ಕಾಳನ್ನೂ ಅಂಗಡಿಯ ಕೆಜಿ ಲೆಕ್ಕದ ಕಾಳನ್ನೂ ಹೋಲಿಸಬೇಕಾದರೆ ಒಂದು ಸಲ ಮನೆಯಲ್ಲಿ ಆ ಕಾಳನ್ನೇ ಸೇರಿನಲ್ಲಿ ಅಳೆದು ತಕ್ಕಡಿಗೆ ಹಾಕಿ ನೋಡಿ. ತಲೆ ತುಂಬಿ ಸುರಿದ ಸೇರಿಗೂ ಕೋಲೆಳೆದು ಮಟ್ಟ ಮಾಡಿದ ಸೇರಿಗೂ ವ್ಯತ್ಯಾಸ ಇದೆ, ಅದೂ ನೆನಪಿರಲಿ.

ಕೋಲಾರದ ಮಂಡಿ

ಟೊಮೆಟೊ ಬಗ್ಗೆ ನನ್ನದೊಂದು. ಇಲ್ಲಿ ಹರಾಜು 15 ಕೆಜಿ ಬಾಕ್ಸ್ ಲೆಕ್ಕ. ಬಾಕ್ಸ್‌ಗೆ 450 ಅಂದರೆ ಕೆಜಿಗೆ 30. ಟಿವಿಯಲ್ಲಿ ‘ಮಂಡಿಯಲ್ಲಿ 30, ಅಂಗಡಿಯಲ್ಲಿ 45, ಮಧ್ಯದಲ್ಲಿ ಯಾರು ತಿಂದರು’ ಅಂತ ಕೂಗುತ್ತಾರೆ. ಅಂಗಡಿಯವನ ಲೆಕ್ಕ ಹಾಕಿ. ಬಾಕ್ಸ್ 450, ಸಾಗಣೆ ಕೂಲಿ 40 ಅಂತಿಟ್ಟುಕೊಳ್ಳಿ. ದಾರಿಯಲ್ಲಿ ಒಡೆದು, ಎರಡು ದಿನ ಇಟ್ಟು ಕೊಳೆತು 2 ಕೆಜಿ ಹೋಯಿತು. 490ನ್ನು 15ರಿಂದ ಭಾಗಿಸುವಂತಿಲ್ಲ, ಮಾರಲು ಉಳಿದ 13ರಿಂದ ಭಾಗಿಸಬೇಕು. ಕೆಜಿಗೆ 37 ರೂಪಾಯಿ 69 ಪೈಸೆ ಅವನಿಗೇ ಬಿತ್ತು. ಬಾಡಿಗೆ, ಕರೆಂಟು ಇನ್ನೂ ಸೇರಿಸಿಲ್ಲ. ಎಲ್ಲ ಅಂಗಡಿಯವರೂ ಸಾಚಾ ಅಂತಲ್ಲ. ಆದರೆ ಏನನ್ನು ಕೆಳಗೆ ಹಾಕಿ ಭಾಗಿಸುತ್ತೀರಿ ಅನ್ನೋದರಲ್ಲೇ ಅರ್ಧ ಜಗಳ ಇದೆ.

ಮೂರು ಮಕ್ಕಳ ತಾಯಿ

ಅಯ್ಯೋ ಹೌದು ಅಣ್ಣ. ಕೋಳಿ ಅಂಗಡಿಯಲ್ಲೂ ಅದೇ. ಜೀವಂತ ತೂಕಕ್ಕೆ ಒಂದು ರೇಟು, ಚರ್ಮ ತೆಗೆದದ್ದಕ್ಕೆ ಇನ್ನೊಂದು. ಕೆಜಿಗೆ 140ರಂತೆ 2 ಕೆಜಿ ಕೋಳಿ 280 ರೂಪಾಯಿ. ಕೈಗೆ ಬಂದ ಮಾಂಸ 1.3 ಕೆಜಿ ಆದರೆ ಕೆಜಿಗೆ 215 ಬಿತ್ತು. ಪಕ್ಕದಲ್ಲಿ ಚರ್ಮ ತೆಗೆದದ್ದು 210 ಅಂತ ಬೋರ್ಡ್ ಇದ್ದರೆ ಅದೇ ಅಗ್ಗ. ಬೋರ್ಡ್ ನೋಡಿದವರಿಗೆ 140 ಅಗ್ಗ ಅನ್ನಿಸುತ್ತದೆ.

ಸುಮ್ನೆ ಓದುವವ

ಹೀಗೆ ಪ್ರತಿಯೊಂದಕ್ಕೂ ಭಾಗಿಸುತ್ತಾ ಕೂತರೆ ಅಂಗಡಿ ಬಾಗಿಲು ಹಾಕುತ್ತಾರೆ. ಮತ್ತೆ ಈ ‘ದೊಡ್ಡ ಪ್ಯಾಕ್ ಅಗ್ಗ’ ಅನ್ನೋದು ಕೈಯಲ್ಲಿ ದುಡ್ಡಿದ್ದವರ ಮಾತು. ದಿನಗೂಲಿಯವರು 25 ಕೆಜಿ ಅಕ್ಕಿ ಮೂಟೆ ಯಾವಾಗ ತರಬೇಕು? ಅವರಿಗೂ ಲೆಕ್ಕ ಗೊತ್ತು. ಎರಡು ಕೆಜಿ ತಂದರೆ ಕೆಜಿಗೆ ನಾಲ್ಕು ರೂಪಾಯಿ ಜಾಸ್ತಿ ಅಂತ ಗೊತ್ತಿದ್ದೇ ತರುತ್ತಾರೆ.

ನಿವೃತ್ತ ಮೇಷ್ಟ್ರು (ತಿಪಟೂರು)

ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲಪ್ಪ. ಲೆಕ್ಕ ಬಂದ ಮಾತ್ರಕ್ಕೆ ಮೂಟೆ ತರಲು ಆಗುವುದಿಲ್ಲ.

ನಾನು ಬಂದದ್ದು ಬೇರೆ ವಿಷಯಕ್ಕೆ. ಮಕ್ಕಳು ಒಂದಕ್ಕೆ ತರುವುದನ್ನು ಕಲಿತ ಮೇಲೆ ಎಲ್ಲ ಲೆಕ್ಕದಲ್ಲೂ ಅದನ್ನೇ ಮಾಡುತ್ತಾರೆ. ‘6 ಜನ 4 ದಿನದಲ್ಲಿ ಕಳೆ ಕೀಳುತ್ತಾರೆ, 8 ಜನ ಎಷ್ಟು ದಿನ?’ ಅಂದರೆ 4ನ್ನು 6ರಿಂದ ಭಾಗಿಸಿ, ಒಬ್ಬನಿಗೆ ಮುಕ್ಕಾಲು ದಿನಕ್ಕಿಂತ ಕಡಿಮೆ, 8 ಜನಕ್ಕೆ ಐದು ದಿನದ ಮೇಲೆ ಅಂತ ಬರೆಯುತ್ತಾರೆ. ಜನ ಜಾಸ್ತಿ ಆದರೆ ದಿನ ಜಾಸ್ತಿ ಆಗುತ್ತದೆಯೇ? ಇಲ್ಲಿ ರೈತರ ಮಾತೇ ಸರಿ. ‘ಅದು 24 ಆಳಿನ ಕೆಲಸ’ ಅನ್ನುತ್ತಾರೆ. 6 ಜನ, 4 ದಿನ, ಗುಣಿಸಿದರೆ 24 ಆಳು. 8 ಜನ ಬಂದರೆ 3 ದಿನ. ಇಲ್ಲಿ ಮೊದಲು ಗುಣಾಕಾರ, ಆಮೇಲೆ ಭಾಗಾಕಾರ.

ಇನ್ನೊಂದು. ನಡುವೆ ಅಂಕಿಯನ್ನು ಕತ್ತರಿಸಬೇಡಿ. 7 ತೆಂಗಿನಕಾಯಿಗೆ 200 ರೂಪಾಯಿ, 21ಕ್ಕೆ ಎಷ್ಟು? ಒಂದಕ್ಕೆ 28.57 ಅಂತ ನಿಲ್ಲಿಸಿ 21ರಿಂದ ಗುಣಿಸಿದರೆ 599.97 ಬರುತ್ತದೆ. ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ ಸರಿಯಾಗಿ 600. ಇಲ್ಲಿ ಅದೂ ಬೇಡ, 21 ಅಂದರೆ 7ರ ಮೂರರಷ್ಟು. ಆರ್ಯಭಟ 499ರಲ್ಲಿ ತ್ರೈರಾಶಿಕ, ಅಂದರೆ ಗೊತ್ತಿರುವ ಮೂರು ಅಂಕಿಯಿಂದ ನಾಲ್ಕನೇದನ್ನು ಕಾಣುವ ಲೆಕ್ಕ ಹೇಳಿದಾಗ ಒಂದರ ಬೆಲೆ ಕಂಡುಹಿಡಿ ಅನ್ನಲಿಲ್ಲ. ಫಲವನ್ನು (ಇಲ್ಲಿ 200) ಇಚ್ಛೆಯಿಂದ (21) ಗುಣಿಸಿ ಪ್ರಮಾಣದಿಂದ (7) ಭಾಗಿಸು ಅಂದ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನೂ ಈ ಲೆಕ್ಕಗಳಿಗೆ ಬೇಕಾದಷ್ಟು ಜಾಗ ಕೊಟ್ಟಿದ್ದಾನೆ. 12ನೇ ಶತಮಾನದ ರಾಜಾದಿತ್ಯ ವ್ಯವಹಾರದ ಗಣಿತವನ್ನು ಕನ್ನಡದಲ್ಲೇ ಬರೆದ. ಹೋಲಿಸಬೇಕಾದಾಗ ಒಂದಕ್ಕೆ ತರುವುದು ಒಳ್ಳೆಯದು. ಮೊತ್ತ ಬೇಕಾದಾಗ ತ್ರೈರಾಶಿಕ ಚೊಕ್ಕ.

ಡಿಪ್ಲೊಮಾ ಹುಡುಗ

ಮೇಷ್ಟ್ರೇ, ದರಗಳ ಸರಾಸರಿ ಬಗ್ಗೆಯೂ ಹೇಳಿ. ನಮ್ಮ ಹಾಸ್ಟೆಲ್‌ನಲ್ಲಿ ಅರ್ಧ ರಾತ್ರಿವರೆಗೆ ವಾದ ನಡೆದಿತ್ತು. ಬೈಕು ಹೈವೇಯಲ್ಲಿ 150 ಕಿಮೀ ಓಡಿತು, ಲೀಟರಿಗೆ 50 ಮೈಲೇಜ್. ಊರೊಳಗೆ 150 ಕಿಮೀ, ಲೀಟರಿಗೆ 30. ಸರಾಸರಿ 40 ಅಂತ ಮುಕ್ಕಾಲು ಜನ. ಪೆಟ್ರೋಲ್ ಎಷ್ಟು ಹೋಯಿತು ನೋಡಿ: 3 ಲೀಟರ್, ಆಮೇಲೆ 5 ಲೀಟರ್. 300 ಕಿಮೀಗೆ 8 ಲೀಟರ್, ಅಂದರೆ 37.5. ಕಡಿಮೆ ಮೈಲೇಜ್ ಇರುವ ಕಡೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹಾಗಾಗಿ ಅದರ ಕಡೆಗೆ ವಾಲುತ್ತದೆ.

ನಿವೃತ್ತ ಮೇಷ್ಟ್ರು (ತಿಪಟೂರು)

ನೀನೇ ಹೇಳಿಬಿಟ್ಟೆಯಲ್ಲ ಮರಿ. ದರಗಳನ್ನು ಕೂಡಿ ಎರಡರಿಂದ ಭಾಗಿಸಬಾರದು. ಒಟ್ಟು ಕಿಲೋಮೀಟರ್, ಒಟ್ಟು ಲೀಟರ್.

ಆಟೋ ಮೀಟರ್ (ಬೆಂಗಳೂರು)

ನಮ್ಮದೂ ಸೇರಿಸಿ ಸರ್. 2025ರ ಆಗಸ್ಟ್‌ನಿಂದ ಬೆಂಗಳೂರಲ್ಲಿ ಮೊದಲ 2 ಕಿಮೀಗೆ 36 ರೂಪಾಯಿ, ಆಮೇಲೆ ಕಿಮೀಗೆ 18. 5 ಕಿಮೀ ಹೋದರೆ 36 + 54 = 90, ಕಿಮೀಗೆ 18. 10 ಕಿಮೀ ಹೋದರೂ 18. ಆದರೆ 1 ಕಿಮೀಗೆ ಇಳಿದರೆ 36 ಕೊಡಬೇಕು, ಕಿಮೀಗೆ 36 ಆಯಿತು. ‘18ರ ರೇಟಿಗೆ 36 ಯಾಕೆ’ ಅಂತ ಕೇಳುವವರಿಗೆ ಕನಿಷ್ಠ ದರ ಅಂದರೆ ಏನು ಅಂತ ಮಕ್ಕಳ ಪುಸ್ತಕದಲ್ಲೇ ಹಾಕಿಬಿಡಿ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು, ಅದೂ ಹಾಕಿ.

ಸೈಟು ಗುಂಟೆ

ಕನಿಷ್ಠ ದರದ್ದು ಚಿಕ್ಕ ಮೋಸ, ನಿವೇಶನದ್ದು ದೊಡ್ಡದು. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. ಎಕರೆಗೆ ಒಂದು ಕೋಟಿ ಅಂದರೆ ಚದರ ಅಡಿಗೆ ಸುಮಾರು 230 ರೂಪಾಯಿ. ಅದೇ ಕಡೆ ಬಡಾವಣೆ ಮಾಡಿ 30 × 40 ಅಡಿಯ ಒಂದು ಸೈಟನ್ನು ಅಡಿಗೆ 1,500ರಂತೆ 18 ಲಕ್ಷಕ್ಕೆ ಮಾರುತ್ತಾರೆ. ರಸ್ತೆ, ಪಾರ್ಕು, ಚರಂಡಿಗೆ ಹೋದ ಜಾಗ ಮಾರಲು ಸಿಗುವುದಿಲ್ಲ, ಭೂ ಪರಿವರ್ತನೆ ಖರ್ಚು ಇದೆ, ಅದೆಲ್ಲ ಸರಿ. ಆದರೂ ಎಕರೆ ಬೆಲೆಯನ್ನು ಒಂದು ಸಲ ಅಡಿಗೆ ಇಳಿಸಿ ನೋಡಿಕೊಂಡು ಹೋದರೆ ಚೌಕಾಸಿ ಮಾಡಲು ಬಾಯಿ ಬರುತ್ತದೆ.

ಮೂರು ಮಕ್ಕಳ ತಾಯಿ

ಮೊಬೈಲ್ ರೀಚಾರ್ಜ್ ಯಾರೂ ಹೇಳಲಿಲ್ಲ! 28 ದಿನದ್ದನ್ನು ತಿಂಗಳದ್ದು ಅಂದುಕೊಂಡರೆ ವರ್ಷಕ್ಕೆ 12 ಸಲ ಅನ್ನಿಸುತ್ತದೆ. 28 × 13 = 364. ಹದಿಮೂರು ಸಲ ಹಾಕಿಸಬೇಕು. 2022ರಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಆದೇಶ ಕೊಟ್ಟ ಮೇಲೆ ಕಂಪನಿಗಳು 30 ದಿನದ್ದು ಒಂದಾದರೂ ಇಡಬೇಕು. ಆದರೂ ಅದೇ ಅಗ್ಗ ಅಂತ ಅಲ್ಲ. ಎಲ್ಲವನ್ನೂ ದಿನಕ್ಕೆ ತಂದು ನೋಡಬೇಕು.

ಡಿಪ್ಲೊಮಾ ಹುಡುಗ

ಅಕ್ಕ, ಹಾಸನದ ಮೇಡಂ ಮಗಳಿಗೆ ಒಂದು ಲೆಕ್ಕ ಕೊಡುತ್ತೇನೆ. 100 ಗ್ರಾಂ ಬಿಸ್ಕತ್ತು 100 ರೂಪಾಯಿ. ಒಂದು ಅಂಗಡಿ ‘ಅದೇ ಬೆಲೆಗೆ 20% ಜಾಸ್ತಿ’ ಅನ್ನುತ್ತದೆ. ಇನ್ನೊಂದು ‘ಬೆಲೆಯಲ್ಲಿ 20% ಕಡಿತ’ ಅನ್ನುತ್ತದೆ. ಎರಡೂ ಒಂದೇನಾ?

ಹಾಲಿನ ಬೂತ್ (ಬೆಂಗಳೂರು)

ಒಂದೇ ಅಲ್ಲ. ಮೊದಲನೇದರಲ್ಲಿ 120 ಗ್ರಾಂಗೆ 100, ಅಂದರೆ 100 ಗ್ರಾಂಗೆ 83 ರೂಪಾಯಿ 33 ಪೈಸೆ. ಎರಡನೇದರಲ್ಲಿ 80. ಕಡಿತವೇ ಅಗ್ಗ. ನಮ್ಮ ಬೂತ್‌ನಲ್ಲಿ ರಸ್ಕು, ಬಿಸ್ಕತ್ತು ಇಟ್ಟಿದ್ದೀನಿ. ‘20% ಜಾಸ್ತಿ’ ಅಂತ ಹಳದಿ ಪಟ್ಟಿ ಇರುವ ಪ್ಯಾಕೇ ಮೊದಲು ಖಾಲಿ ಆಗುತ್ತದೆ.

ಏಳನೇ ಕ್ಲಾಸಿನ ಅಮ್ಮ (ಹಾಸನ)

ಉತ್ತರ ಹೇಳಿಬಿಟ್ರಲ್ಲ ಅಣ್ಣ! ಇರಲಿ, ಅಂಕಿ ಬದಲಿಸಿ ಕೊಡುತ್ತೇನೆ. 25% ಜಾಸ್ತಿ ಮತ್ತು 20% ಕಡಿತ ಇಟ್ಟರೆ ಎರಡೂ 80ಕ್ಕೇ ಬರುತ್ತದೆ ಅಲ್ವಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು (ತಿಪಟೂರು)

ಬರುತ್ತದೆ. 100 ÷ 125 = 0.80, ಗ್ರಾಂಗೆ 80 ಪೈಸೆ. ಮುಂದಿನದು 50% ಜಾಸ್ತಿ ಇಟ್ಟು, ಅದಕ್ಕೆ ಸಮನಾದ ಕಡಿತ ಎಷ್ಟು ಅಂತ ಕೇಳಿ. ಈ ಸಲ ಉತ್ತರ ಇಲ್ಲಿ ಯಾರೂ ಬರೆಯಬೇಡಿ.